ಹಳೇ ಗೋದಾಮು ಮನೆಯಾಗಬೇಕಾದರೆ: ಕೊಳ್ಳುವ ಮುಂಚಿನಿಂದ ಒಲೆ ಹಚ್ಚುವವರೆಗೆ

ಹಳೇ ಗೋದಾಮು, ನಿಂತುಹೋದ ಬಟ್ಟೆ ಮಿಲ್ಲು, ಮುಚ್ಚಿದ ಬ್ಯಾಂಕು, ಮೂರು ಮಹಡಿಯ ಅಂಗಡಿ ಕಟ್ಟಡ. ಇಂಥದ್ದರೊಳಗೆ ಕಾಲಿಟ್ಟವರು ಮೊದಲು ಕತ್ತೆತ್ತಿ ಮೇಲೆ ನೋಡುತ್ತಾರೆ. ಎಷ್ಟು ಎತ್ತರ, ಎಂಥ ಕಿಟಕಿಗಳು! ಅಲ್ಲೇ ಮನಸ್ಸು ಸೋತಿರುತ್ತದೆ. ಆ ಎತ್ತರವನ್ನು ಬೆಚ್ಚಗಿಡುವುದು, ತಂಪಾಗಿಡುವುದು, ಜೇಡರ ಬಲೆ ತೆಗೆಯುವುದು, ಕೆಟ್ಟ ಬಲ್ಬು ಬದಲಿಸುವುದು ಇವೆಲ್ಲ ನೆನಪಾಗುವುದು ಆಮೇಲೆ.

ಹಾಗಂತ ಬೇಡ ಎನ್ನುತ್ತಿಲ್ಲ. ಮೂರು ತಲೆಮಾರು ಒಟ್ಟಿಗೆ ಇರುವ ದೊಡ್ಡ ಕುಟುಂಬಕ್ಕೆ ಇಂಥ ಕಟ್ಟಡ ಕೊಡುವಷ್ಟು ಜಾಗವನ್ನು ಹೊಸ ಮನೆ ಕೊಡುವುದು ಕಷ್ಟ. ಆದರೆ ಇಡೀ ಕಟ್ಟಡವನ್ನೇ ಮನೆ ಮಾಡಲು ಹೊರಡಬೇಡಿ. ಅದರೊಳಗೆ ಒಂದು ಸಣ್ಣ ಮನೆ ಹುಡುಕಿ. ಉಳಿದದ್ದನ್ನು ಚಾವಣಿ ಇರುವ ಅಂಗಳ ಅಂದುಕೊಳ್ಳಿ. ಮುಂದಿನ ಪ್ರತಿಯೊಂದು ತೀರ್ಮಾನವೂ ಇದರಿಂದ ಹಗುರಾಗುತ್ತದೆ.

ಕೊಳ್ಳುವ ಮೊದಲು: ಇಲ್ಲಿ ಏನು ನಡೆಯುತ್ತಿತ್ತು?

ಕಟ್ಟಡದ ವಯಸ್ಸಿಗಿಂತ ಅದರ ಕಸುಬು ಮುಖ್ಯ. ಕಾಳು ತುಂಬಿಡುತ್ತಿದ್ದ ಗೋದಾಮಿಗೂ ಲೋಹಕ್ಕೆ ಲೇಪ ಕೊಡುತ್ತಿದ್ದ ಕಾರ್ಖಾನೆಗೂ ನೋಡಲು ವ್ಯತ್ಯಾಸ ಇಲ್ಲದಿರಬಹುದು. ನೆಲದ ಕೆಳಗೆ ಮಾತ್ರ ಅಜಗಜಾಂತರ. ಲೇಪದ ಕೆಲಸ ಮಾಡಿದ ಜಾಗದಲ್ಲಿ ಕ್ರೋಮಿಯಂ, ಡ್ರೈಕ್ಲೀನಿಂಗ್ ಮಾಡಿದ ಜಾಗದಲ್ಲಿ ದ್ರಾವಕಗಳು, ಅಚ್ಚುಕೂಟದಲ್ಲಿ ಸೀಸ, ಫೆಲ್ಟ್ ಟೋಪಿ ತಯಾರಿಸಿದ ಜಾಗದಲ್ಲಿ ಪಾದರಸ ಉಳಿದಿರಬಹುದು. ಹಿತ್ತಲಲ್ಲಿ ಮರೆತುಹೋದ ಎಣ್ಣೆ ಟ್ಯಾಂಕು ಹೂತಿರಬಹುದು. ಡ್ರೈಕ್ಲೀನಿಂಗ್ ದ್ರಾವಕದ ಆವಿ ಕಾಂಕ್ರೀಟ್ ನೆಲದ ಬಿರುಕಿನಿಂದ ಮೇಲೆ ಬಂದು ಮನೆಯ ಗಾಳಿಗೆ ಸೇರುತ್ತದೆ. ಮಗು ಆಡುವುದು ಆ ನೆಲದ ಮೇಲೇ ಅಲ್ವಾ?

ಹಾಗಾಗಿ ಹಳೇ ನಕ್ಷೆ, ಲೈಸೆನ್ಸು, ವಿಳಾಸ ಪುಸ್ತಕ, ಹಳೇ ಫೋಟೋ ಏನು ಸಿಕ್ಕರೂ ಕೂಡಿಸಿ. ಅನುಮಾನ ಬಂದರೆ ಮಣ್ಣು ಮತ್ತು ಒಳಗಿನ ಗಾಳಿ ಎರಡನ್ನೂ ಪರೀಕ್ಷೆ ಮಾಡಿಸಿ. ಕಲ್ನಾರನ್ನೂ (ಆಸ್ಬೆಸ್ಟಾಸ್) ಮರೆಯಬೇಡಿ. ಪೈಪಿಗೆ ಸುತ್ತಿದ ಹೊದಿಕೆ, ಚಾವಣಿಯ ಸಿಮೆಂಟ್ ಶೀಟು, ಹಳೇ ನೆಲಹಾಸಿನ ಬಿಲ್ಲೆ, ಹೀಗೆ ಎಲ್ಲಿ ಬೇಕಾದರೂ ಅದು ಇರಬಹುದು. ಕಣ್ಣಿಗೆ ನೋಡಿ ಹೇಳುವಂಥದ್ದಲ್ಲ. ಚೂರು ಲ್ಯಾಬಿಗೆ ಹೋಗಬೇಕು, ಆ ಚೂರು ತೆಗೆಯುವುದೂ ಗೊತ್ತಿದ್ದವರ ಕೈಯಲ್ಲೇ ಆಗಬೇಕು. ಫಲಿತಾಂಶ ಬರುವವರೆಗೆ ಡ್ರಿಲ್ಲು ಮುಟ್ಟಬೇಡಿ. ಹಳೇ ಬಣ್ಣವನ್ನು ಒಣಗಿದಂತೆಯೇ ಮರಳುಕಾಗದ ಹಾಕಿ ಉಜ್ಜಬೇಡಿ. ಅದರಲ್ಲಿ ಸೀಸ ಇರುವ ಸಂಭವ ಜಾಸ್ತಿ.

ಕಾನೂನಿನ ಕಣ್ಣಿಗೆ ಅದಿನ್ನೂ ಅಂಗಡಿಯೇ

ನೀವು ಹಾಸಿಗೆ ಹಾಕಿ ಮಲಗಿದ ಮಾತ್ರಕ್ಕೆ ಕಟ್ಟಡ ಮನೆಯಾಗುವುದಿಲ್ಲ. ಬಳಕೆ ಬದಲಾವಣೆಗೆ ಅನುಮತಿ ಬೇಕು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಇನ್ನೊಂದು ಅನುಮತಿ ಬೇಕು. ಇವೆರಡೂ ಬೇರೆ ಬೇರೆ. ಒಂದು ಸಿಕ್ಕಿದರೆ ಇನ್ನೊಂದು ಸಿಕ್ಕಂತಲ್ಲ. ಇಂಗ್ಲೆಂಡಿನಲ್ಲಿ 2021ರ ಆಗಸ್ಟಿನಿಂದ ಅಂಗಡಿ, ಆಫೀಸು ಕಟ್ಟಡಗಳನ್ನು ಮನೆ ಮಾಡಲು ಸರಳ ದಾರಿಯೊಂದು ತೆರೆಯಿತು. ಆದರೆ ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡಗಳನ್ನು ಅದರಿಂದ ಹೊರಗಿಟ್ಟರು. ಸರಳ ದಾರಿ ಇದೆ ಎಂದು ಕೇಳಿ ನಂಬಿ ಕೊಂಡವರು ಸಿಕ್ಕಿಬೀಳುವುದು ಇಂಥ ಕಡೆಯೇ.

ನ್ಯೂಯಾರ್ಕಿನ ಸೋಹೊ ಬಡಾವಣೆಯಲ್ಲಿ ಕಲಾವಿದರು ಖಾಲಿ ಕಾರ್ಖಾನೆ ಮಹಡಿಗಳಲ್ಲಿ ಮೊದಲು ಕದ್ದುಮುಚ್ಚಿ ವಾಸ ಮಾಡಿದರು. 1971ರಲ್ಲಿ ಅಲ್ಲಿನ ನಿಯಮ ಬದಲಾಗಿ ಕಲಾವಿದರು ಇರಬಹುದು ಎಂದಾಯಿತು. ಮಹಡಿವಾಸಿಗಳ ಬಾಡಿಗೆ ಹಕ್ಕಿಗೆ ರಾಜ್ಯದ ಕಾಯ್ದೆ ಬಂದದ್ದು 1982ರಲ್ಲಿ. ಕೇಳಲು ಚೆನ್ನಾಗಿದೆ. ಸಾಲ ಮಾಡಿ ಕೊಳ್ಳುವವರು ಅಷ್ಟು ವರ್ಷ ಕಾಯಲು ಆಗುತ್ತದೆಯೇ? ಮುಂಗಡ ಕೊಡುವ ಮೊದಲೇ ಸ್ಥಳೀಯ ಯೋಜನಾ ಕಚೇರಿಗೆ ಹೋಗಿ, ಬರಹದಲ್ಲಿ ಉತ್ತರ ಪಡೆಯಿರಿ. ವಿದ್ಯುತ್, ನೀರು, ತೆರಿಗೆ ಮೂರೂ ವಾಣಿಜ್ಯ ದರದಿಂದ ಮನೆಯ ದರಕ್ಕೆ ಬದಲಾಗಬೇಕು. ಖಾಲಿ ಕಟ್ಟಡಕ್ಕೆ, ಕೆಲಸ ನಡೆಯುವ ಕಟ್ಟಡಕ್ಕೆ ಮಾಮೂಲಿ ವಿಮೆ ಸಾಲದೇ ಹೋಗಬಹುದು. ಅದನ್ನೂ ಈಗಲೇ ಕೇಳಿ.

ಇಂಜಿನಿಯರ್ ಜೊತೆ ಒಂದು ಸುತ್ತು

ಮೊದಲು ಒಳ್ಳೆಯ ಸುದ್ದಿ. ಮನೆಯ ನೆಲಕ್ಕೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರದ ಲೆಕ್ಕ ಹಿಡಿಯುತ್ತಾರೆ. ಗೋದಾಮಿನ ನೆಲಕ್ಕೆ ಈಗ ಹಿಡಿಯುವ ಲೆಕ್ಕ ಅದರ ಮೂರು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ನಿಮ್ಮ ಮಂಚ, ಬೀರು, ಪುಸ್ತಕ ಎಲ್ಲ ಸೇರಿದರೂ ಆ ನೆಲಕ್ಕೆ ಲೆಕ್ಕಕ್ಕಿಲ್ಲ. ಕಟ್ಟಡ ಗಟ್ಟಿಯಾಗಿದ್ದರೆ ಎಂಬ ಮಾತು ಮಾತ್ರ ಸೇರಿಸಿಕೊಳ್ಳಿ.

ಗಟ್ಟಿ ಇದೆಯೋ ಇಲ್ಲವೋ ನೋಡುವಾಗ ಕಂಬದ ನಡುಭಾಗ ನೋಡಿ ಉಪಯೋಗ ಇಲ್ಲ. ತೊಲೆಯ ತುದಿ ನೋಡಬೇಕು. ಮರದ ತೊಲೆ ಗೋಡೆಯೊಳಗೆ ಹೋಗುವ ಕೊನೆಯ ಒಂದು ಅಡಿ ಇದೆಯಲ್ಲ, ಕೊಳೆಯುವುದು ಅಲ್ಲೇ. ಹೊರಗೋಡೆ ತೇವ ಹೀರಿ ತುದಿಗೆ ಕೊಡುತ್ತಲೇ ಇರುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಸ್ಕ್ರೂಡ್ರೈವರ್ ಹಾಕಿ ಚುಚ್ಚಿ. ಸಲೀಸಾಗಿ ಇಳಿದರೆ ಆ ತುದಿ ಹೋಯಿತು ಎಂದೇ ಅರ್ಥ. ಹಾಗಂತ ಇಡೀ ತೊಲೆ ಬದಲಿಸಬೇಕಿಲ್ಲ. ಕೆಟ್ಟ ತುದಿಯಷ್ಟೇ ಕತ್ತರಿಸಿ ಹೊಸ ಮರ ಅಥವಾ ಉಕ್ಕಿನ ಪಟ್ಟಿ ಬೆಸೆಯುವ ಬಡಗಿಗಳಿದ್ದಾರೆ.

ಕಂಬಗಳು ಬೀಡು ಕಬ್ಬಿಣದ್ದಾದರೆ (ಕಾಸ್ಟ್ ಐರನ್) ಇನ್ನೊಂದು ಎಚ್ಚರ. ಬೀಡು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಅದಕ್ಕೇ ಬೀಡಿನ ಕಂಬ ನಂಬಬಹುದು, ಬೀಡಿನ ತೊಲೆಯನ್ನು ಅನುಮಾನದಿಂದಲೇ ನೋಡಬೇಕು. ಅದು ಬಾಗಿ ಸೂಚನೆ ಕೊಡುವುದಿಲ್ಲ, ಒಂದೇ ಸಲ ಒಡೆಯುತ್ತದೆ. ಅದಕ್ಕೆ ಮಾಮೂಲಿ ವೆಲ್ಡಿಂಗ್ ಮಾಡಲು ಹೋಗಬೇಡಿ.

ಇನ್ನು ಕಮಾನಿನ ನೆಲ. ಎರಡು ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನು, ಅದರ ಪಕ್ಕ ಇನ್ನೊಂದು, ಮತ್ತೊಂದು. ಜ್ಯಾಕ್ ಆರ್ಚ್ ಎನ್ನುತ್ತಾರೆ. ಈ ಕಬ್ಬಿಣ-ಇಟ್ಟಿಗೆ ಜೋಡಿ ಹುಟ್ಟಿದ್ದೇ ಬೆಂಕಿಯ ಭಯದಿಂದ. ಮರದ ಮಿಲ್ಲುಗಳು ಸುಟ್ಟು ಬೂದಿಯಾಗುತ್ತಿದ್ದ ಕಾಲದಲ್ಲಿ, 1797ರಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಅಗಸೆ ನಾರಿನ ಮಿಲ್ಲೊಂದನ್ನು ಪೂರ್ತಿ ಕಬ್ಬಿಣದ ಚೌಕಟ್ಟಿನಲ್ಲಿ ಕಟ್ಟಿದರು. ಇಂಥ ಕಟ್ಟಡಗಳಲ್ಲಿ ಅದೇ ಮೊದಲನೆಯದು. ಈ ನೆಲದಲ್ಲಿ ಪ್ರತಿ ಕಮಾನೂ ಪಕ್ಕದ ಕಮಾನನ್ನು ತಳ್ಳುತ್ತಿರುತ್ತದೆ, ಅದು ಇದನ್ನು ತಳ್ಳುತ್ತಿರುತ್ತದೆ. ಹಾಗೆ ತಳ್ಳಾಡಿಕೊಂಡೇ ಎರಡೂ ನಿಂತಿರುವುದು. ಈಗ ಮೆಟ್ಟಿಲಿಗೆಂದು ನಡುವಿನ ಒಂದು ಕಮಾನು ಒಡೆದು ತೆಗೆದರೆ? ಪಕ್ಕದ್ದಕ್ಕೆ ಎದುರು ಒತ್ತಾಸೆ ಇಲ್ಲ. ತೊಲೆ ಪಕ್ಕಕ್ಕೆ ಸರಿಯುತ್ತದೆ, ಇಟ್ಟಿಗೆ ಉದುರುತ್ತದೆ. ತೊಲೆಗಳನ್ನು ಹಿಡಿದಿರುವ ಕಬ್ಬಿಣದ ಸಲಾಕೆಗಳು ಅಡ್ಡ ಬಂದವೆಂದು ಕತ್ತರಿಸಿದರೂ ಇದೇ ಗತಿ. ಹೊಸ ಮೆಟ್ಟಿಲು ಬೇಕೆಂದರೆ ಮೊದಲು ಹಳೇ ಸರಕು ಲಿಫ್ಟಿನ ಬಾವಿ ಎಲ್ಲಿದೆ ನೋಡಿ. ಆ ತೂತು ಎಲ್ಲ ಮಹಡಿಯಲ್ಲೂ ಒಂದರ ಮೇಲೊಂದು ಆಗಲೇ ಇರುತ್ತದೆ.

ಬಿರುಕು ಕಂಡ ತಕ್ಷಣ ಹೆದರಬೇಡಿ, ಮೆತ್ತಲೂ ಬೇಡಿ. ಬಿರುಕಿಗೆ ಅಡ್ಡಲಾಗಿ ಅಳತೆ ಪಟ್ಟಿ ಅಂಟಿಸಿ, ಒಂದು ಮಳೆಗಾಲ ಒಂದು ಬೇಸಿಗೆ ನೋಡಿ. ಅಲ್ಲಾಡದ ಬಿರುಕು ಹಳೇ ಗಾಯದ ಗುರುತು ಅಷ್ಟೇ.

ಸೂರು, ನೀರು, ಸುಣ್ಣ

ಒಳಗಿನ ಯಾವ ಕೆಲಸಕ್ಕೂ ಮೊದಲು ನೀರು ಒಳಗೆ ಬರುವ ದಾರಿ ಮುಚ್ಚಬೇಕು. ಚಾವಣಿ, ಪ್ಯಾರಪೆಟ್ ಹಿಂದೆ ಮಳೆನೀರು ಹರಿಯುವ ದೋಣಿ, ಅಂದರೆ ಗಟರ್, ಮಳೆನೀರಿನ ಪೈಪು. ದೊಡ್ಡ ಕಟ್ಟಡಗಳಲ್ಲಿ ಈ ದೋಣಿ ಗೋಡೆಯ ಹಿಂದೆ ಅಡಗಿರುತ್ತದೆ. ಎಲೆ ಕಟ್ಟಿಕೊಂಡರೂ ಕೆಳಗಿನವರಿಗೆ ಗೊತ್ತಾಗುವುದಿಲ್ಲ. ಕೆಲವು ಕಡೆ ಟೊಳ್ಳು ಬೀಡಿನ ಕಂಬದೊಳಗೇ ಮಳೆನೀರು ಇಳಿಯುವಂತೆ ಮಾಡಿರುತ್ತಾರೆ. ಅಂಥದ್ದಿದ್ದರೆ ನೀರಿಗೆ ಬೇರೆ ಪೈಪು ಕೊಟ್ಟುಬಿಡಿ.

ಆಮೇಲೆ ಗೋಡೆ. ನಾವು ಮಾಮೂಲಿ ಸಿಮೆಂಟು ಎನ್ನುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಎಲ್ಲರ ಕೈಗೆ ಬರಲು ಇನ್ನೂ ಎಷ್ಟೋ ದಶಕ ಹಿಡಿಯಿತು. 19ನೇ ಶತಮಾನದ ಬಹುಪಾಲು ಕಟ್ಟಡಗಳು ಸುಣ್ಣದ ಗಾರೆಯವು. ಇಂಥ ಗೋಡೆ ನೀರು ಹೀರುತ್ತದೆ, ಒಣ ದಿನಗಳಲ್ಲಿ ಗಾರೆಯ ಸಂದಿನಿಂದ ಅದನ್ನು ಬಿಟ್ಟುಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಹೊರಗೆ ಹೋಗುವ ದಾರಿ ಬಂದ್. ತೇವ ಒಳಮುಖವಾಗಿ ಬರುತ್ತದೆ, ಬಿಳಿ ಉಪ್ಪು ಪುಡಿಯಾಗಿ ಏಳುತ್ತದೆ, ಇಟ್ಟಿಗೆಯ ಮುಖವೇ ಸಿಪ್ಪೆ ಸುಲಿದಂತೆ ಕಳಚುತ್ತದೆ. ನಿಯಮ ಸರಳ: ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯುವುದಿದ್ದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು.

ಸಿಮೆಂಟ್ ಕಿತ್ತ ಮೇಲೆ ಗೋಡೆ ಒಣಗಲು ಬಿಡಿ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಒರಟು ಲೆಕ್ಕ. ಒಂದೂವರೆ ಅಡಿ ಗೋಡೆಗೆ ಒಂದೂವರೆ ವರ್ಷ ಆಯಿತು! ಯಾರೂ ಅಷ್ಟು ಕಾಯುವುದಿಲ್ಲ, ಸರಿ. ಆದರೆ ಒದ್ದೆ ಗೋಡೆಗೆ ಮರದ ಕಪಾಟು ಜೋಡಿಸಿ ಬಣ್ಣ ಹೊಡೆದು ಮುಗಿಸಿದೆವು ಎನ್ನುವವರ ಮನೆಯಲ್ಲಿ ಬೂಷ್ಟು ಕಾಯುತ್ತಿರುತ್ತದೆ. ಒತ್ತಿ ನೋಡುವ ಎರಡು ಮುಳ್ಳಿನ ತೇವದ ಮೀಟರನ್ನು ಪೂರ್ತಿ ನಂಬಬೇಡಿ. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ್ದನ್ನೂ ಒದ್ದೆ ಎಂದು ತೋರಿಸುತ್ತದೆ. ಆ ಮೀಟರ್ ತೋರಿಸಿಯೇ, ತೇವ ತಡೆಯಲೆಂದು ಗೋಡೆಗೆ ಹಾಕುವ ರಾಸಾಯನಿಕ ಚುಚ್ಚುಮದ್ದು ಮಾರುವವರು ಬರುತ್ತಾರೆ. ಬಾಗಿಲಲ್ಲೇ ಕಳಿಸಿ, ಮೊದಲು ದೋಣಿ ಸರಿ ಮಾಡಿಸಿ.

ಸಣ್ಣ ಮನೆ ಎಲ್ಲಿದೆ?

ಈಗ ನಕ್ಷೆ ಹರಡಿಕೊಳ್ಳಿ. ಕಿಟಕಿಯ ಗಾಜಿನ ಮೇಲಂಚು ನೆಲದಿಂದ 3 ಮೀಟರ್ ಎತ್ತರದಲ್ಲಿದ್ದರೆ, ಉಪಯೋಗಕ್ಕೆ ಬರುವ ಹಗಲು ಬೆಳಕು ಸುಮಾರು 6ರಿಂದ 7.5 ಮೀಟರ್ ಒಳಕ್ಕೆ ತಲುಪುತ್ತದೆ. ಎತ್ತರದ ಎರಡರಿಂದ ಎರಡೂವರೆ ಪಟ್ಟು. ಪೆನ್ಸಿಲ್ಲಿನಲ್ಲಿ ಆ ಗೆರೆ ಎಳೆಯಿರಿ. ಗೆರೆಯ ಈಚೆ ಮಲಗುವ ಕೋಣೆ, ಅಡುಗೆಮನೆ, ಓದುವ ಜಾಗ. ಆಚೆ ಬಚ್ಚಲು, ಉಗ್ರಾಣ, ಬಟ್ಟೆ ಒಗೆಯುವ ಜಾಗ, ಸಿನಿಮಾ ನೋಡುವ ಕೋಣೆ. ಕಟ್ಟಡದ ನಡುಮಧ್ಯೆ ಮಲಗುವ ಕೋಣೆ ಇಟ್ಟು ಕಿಟಕಿಯ ಬದಲು ಫ್ಯಾನ್ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ. ಬಹಳ ಕಡೆ ಅದಕ್ಕೆ ಅನುಮತಿಯೂ ಸಿಗುವುದಿಲ್ಲ.

ಇನ್ನು ಕಕ್ಕಸಿನ ಪೈಪು. ನಗಬೇಡಿ, ನಿಮ್ಮ ಮನೆಯ ನಕ್ಷೆ ಬರೆಯುವುದು ಅದೇ. ಈ ಪೈಪಿಗೆ ಸಾಮಾನ್ಯವಾಗಿ 40ಕ್ಕೆ 1ರಷ್ಟು ಇಳಿಜಾರು ಕೊಡುತ್ತಾರೆ. ಅಂದರೆ ಮೀಟರಿಗೆ 25 ಮಿಲಿಮೀಟರ್. ನೇರ ಇಳಿಯುವ ಪೈಪಿನಿಂದ 6 ಮೀಟರ್ ದೂರದಲ್ಲಿ ಕಕ್ಕಸು ಇಟ್ಟರೆ 15 ಸೆಂಟಿಮೀಟರ್ ಇಳಿಜಾರು, ಅದಕ್ಕೆ ಪೈಪಿನ ದಪ್ಪ ಇನ್ನೊಂದು 11. ಒಟ್ಟು 26 ಸೆಂಟಿಮೀಟರ್ ಎಲ್ಲಿ ಅಡಗಿಸುತ್ತೀರಿ? ಕಮಾನಿನ ನೆಲ ಕೊರೆಯುವಂತಿಲ್ಲ. ಒಂದೋ ಮೇಲಿನ ನೆಲ ಏರಿಸಬೇಕು, ಇಲ್ಲ ಕೆಳಗಿನ ಚಂದದ ಚಾವಣಿ ಮುಚ್ಚಬೇಕು. ಹಾಗಾಗಿ ಬಚ್ಚಲುಗಳನ್ನು ಒಂದರ ಮೇಲೊಂದು ಇಡಿ. ಅಡುಗೆಮನೆ ಅದರ ಬೆನ್ನಿಗೇ ಇರಲಿ. ಈ ನೀರಿನ ಕಂಬದ ಸುತ್ತ ಎಲ್ಲಿ ಹಗಲು ಬೆಳಕು ಬರುತ್ತದೋ ಅಲ್ಲೇ ನಿಮ್ಮ ಸಣ್ಣ ಮನೆ.

ಕಲಾವಿದ ಡೊನಾಲ್ಡ್ ಜಡ್ 1968ರಲ್ಲಿ ನ್ಯೂಯಾರ್ಕಿನ ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಐದು ಮಹಡಿಯ ಬೀಡು ಕಬ್ಬಿಣದ ವಾಣಿಜ್ಯ ಕಟ್ಟಡ ಕೊಂಡು ಕುಟುಂಬದ ಜೊತೆ ವಾಸಕ್ಕೆ ಹೋದರು. ಕಟ್ಟಡ 1870ರದ್ದು. ಅವರು ಮಹಡಿಗಳನ್ನು ಕೋಣೆಗಳಾಗಿ ಒಡೆಯದೆ, ಒಂದೊಂದು ಮಹಡಿಗೆ ಒಂದೊಂದು ಕೆಲಸ ಕೊಟ್ಟರು: ಊಟಕ್ಕೊಂದು, ಕೆಲಸಕ್ಕೊಂದು, ಮಲಗಲು ಒಂದು. ನೋಡಲು ಅದ್ಭುತವೇ. ಆದರೆ ಬೋರ್ಡ್ ಪರೀಕ್ಷೆಗೆ ಓದುವ ಮಗಳು, ಒಂಬತ್ತಕ್ಕೇ ಮಲಗುವ ಅಜ್ಜ ಇರುವ ಮನೆಗೆ ಬಾಗಿಲು ಹಾಕಿಕೊಳ್ಳುವ ಕೋಣೆಗಳೂ ಬೇಕು. ನನ್ನ ಕೇಳಿದರೆ, ಒಂದು ದೊಡ್ಡ ಹಾಲ್ ಒಡೆಯದೆ ಬಿಡಿ. ಉಳಿದ ಕಡೆ ಧೈರ್ಯವಾಗಿ ಗೋಡೆ ಎಬ್ಬಿಸಿ, ಆ ಗೋಡೆ ಹಳೇ ಚಾವಣಿಗೆ ತಾಗದೆ ಕೆಳಗೇ ನಿಲ್ಲಲಿ. ನಾಳೆ ಬೇಡವೆಂದರೆ ಕಳಚಬಹುದು.

ರಸ್ತೆಗೆ ಅಂಟಿಕೊಂಡ ನೆಲಮಹಡಿಯಲ್ಲಿ ಬೈಠಕ್ ಖಾನೆ ಬೇಡ. ದೊಡ್ಡ ಗಾಜಿನ ಹಿಂದೆ ಕೂತರೆ ದಾರಿಹೋಕರಿಗೆ ನೀವೇ ಪ್ರದರ್ಶನದ ವಸ್ತು. ಅಲ್ಲಿ ಸೈಕಲ್ಲು, ಕೆಲಸದ ಕೋಣೆ, ಮಕ್ಕಳ ಆಟ ಇರಲಿ, ವಾಸ ಮೇಲೆ.

ಸದ್ದು

ಯಾರೂ ಮೊದಲೇ ಯೋಚಿಸದ, ಬಂದ ಮೇಲೆ ಎಲ್ಲರೂ ಬೈಯುವ ವಿಷಯ ಇದು. ವ್ಯಾಲೇಸ್ ಸಬೈನ್ ಎಂಬ ವಿಜ್ಞಾನಿ 1890ರ ದಶಕದ ಕೊನೆಯಲ್ಲಿ ಕಂಡುಕೊಂಡ ಲೆಕ್ಕ ಇಂದಿಗೂ ಸಾಕು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಮೇಲ್ಮೈಯಿಂದ ಭಾಗಿಸಿದರೆ ಸದ್ದು ಅಡಗಲು ಬೇಕಾದ ಸೆಕೆಂಡು ಸಿಗುತ್ತದೆ. 10 ಮೀಟರ್ ಉದ್ದ, 8 ಅಗಲ, 5 ಎತ್ತರದ ಹಾಲ್ ಎಂದರೆ 400 ಘನ ಮೀಟರ್. ಬರೀ ಇಟ್ಟಿಗೆ, ಕಾಂಕ್ರೀಟು, ಗಾಜು ಇದ್ದು, ಹೀರುವ ಮೇಲ್ಮೈ 20 ಚದರ ಮೀಟರ್‌ನಷ್ಟೇ ಇದ್ದರೆ ಸದ್ದು ಮೂರು ಸೆಕೆಂಡಿಗೂ ಜಾಸ್ತಿ ಸುತ್ತುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಯಾರದೂ ಕೇಳಿಸುವುದಿಲ್ಲ. ಅದನ್ನು ಮುಕ್ಕಾಲು ಸೆಕೆಂಡಿನ ಆಸುಪಾಸಿಗೆ ತರಲು 80 ಚದರ ಮೀಟರಿಗೂ ಮೇಲೆ ಬೇಕು. ಒಂದು ಜಮಖಾನ ಹಾಸಿ ಮುಗಿಯುವ ಮಾತಲ್ಲ. ಚಾವಣಿಯ ತೊಲೆಗಳ ನಡುವೆ ಸದ್ದು ಹೀರುವ ಹಲಗೆ ಸೇರಿಸಿ. ಗೋಡೆ ಉದ್ದಕ್ಕೂ ಪುಸ್ತಕ, ದಪ್ಪ ಪರದೆ ಸಹಾಯ ಮಾಡುತ್ತವೆ.

ಮಹಡಿಯಿಂದ ಮಹಡಿಗೆ ಹೋಗುವ ಹೆಜ್ಜೆ ಸದ್ದಿಗೆ ಬೇರೆ ಮದ್ದು. ಕೆಳಗೆ ಮರದ ತೊಲೆ ಕಾಣಲೇಬೇಕು ಎಂದರೆ ಪದರ ಮೇಲೇ ಹಾಕಬೇಕು: ಹಳೇ ಹಲಗೆ, ಅದರ ಮೇಲೆ ಮೆತ್ತನೆ ಚಾಪೆ, ಅದರ ಮೇಲೆ ಹೊಸ ನೆಲ. ಹೀಗೆ ನೆಲ 5 ಸೆಂಟಿಮೀಟರ್ ಏರಿದರೆ ಮೆಟ್ಟಿಲಿನ ಕೊನೆಯ ಹಂತ ಮಾತ್ರ ಉಳಿದವುಗಳಿಗಿಂತ 5 ಸೆಂಟಿಮೀಟರ್ ಎತ್ತರವಾಗುತ್ತದೆ. ಕಾಲಿಗೆ ಅಭ್ಯಾಸವಾದ ಎತ್ತರ ತಪ್ಪಿದರೆ ಮುಗ್ಗರಿಸುವುದು ಖಂಡಿತ. ಬಾಗಿಲುಗಳೂ ತಾಗುತ್ತವೆ. ಇದನ್ನು ಮೆಟ್ಟಿಲು ಮಾಡಿಸುವ ಮೊದಲು ಲೆಕ್ಕ ಹಾಕಿ.

ರಸ್ತೆಯ ಗದ್ದಲಕ್ಕೆ ಹಳೇ ಕಿಟಕಿ ಕಿತ್ತು ಹೊಸ ಡಬಲ್ ಗ್ಲಾಸ್ ಹಾಕಿಸುವುದಕ್ಕಿಂತ, ಹಳೇ ಕಿಟಕಿ ಹಾಗೇ ಬಿಟ್ಟು ಅದರ ಒಳಗಡೆ 10ರಿಂದ 20 ಸೆಂಟಿಮೀಟರ್ ಅಂತರ ಬಿಟ್ಟು ಇನ್ನೊಂದು ಗಾಜಿನ ಕಿಟಕಿ ಕೂರಿಸುವುದು ವಾಸಿ. ಅಂತರ ಜಾಸ್ತಿ ಇದ್ದಷ್ಟೂ ಸದ್ದು ಕಡಿಮೆ. ಹೊರಗಿನ ಮುಖವೂ ಉಳಿಯುತ್ತದೆ.

ಚಳಿ, ಸೆಕೆ

ಇಡೀ ಕಟ್ಟಡಕ್ಕೆ ಹೀಟರ್ ಅಥವಾ ಏಸಿ ಹಾಕುವ ಲೆಕ್ಕ ಕೇಳಬೇಡಿ, ಎದೆ ಒಡೆಯುತ್ತದೆ. ಸಣ್ಣ ಮನೆಗೆ ಮಾತ್ರ ಶಾಖ ತಡೆಯುವ ಹೊದಿಕೆಯನ್ನು ಚೆನ್ನಾಗಿ ಕೊಡಿ. ದೊಡ್ಡ ಹಾಲ್ ಹವೆಯ ಜೊತೆ ಹೊಂದಿಕೊಂಡು ಹೋಗಲಿ. ಸುಣ್ಣದ ಗೋಡೆಗೆ ಒಳಗಿನಿಂದ ಹೊದಿಕೆ ಹಾಕುವುದಾದರೆ ಮರದ ನಾರು, ಕಾರ್ಕ್‌ನಂಥ ಆವಿ ದಾಟುವ ವಸ್ತು ಹಾಕಿ. ಥರ್ಮೋಕೋಲ್ ಅಂಟಿಸಿದರೆ ಸಿಮೆಂಟಿನದೇ ಕಥೆ ಮತ್ತೆ ಶುರು.

ಮಕ್ಕಳಿದ್ದರೆ

ಸರಕು ಒಳಗೆಳೆಯಲು ಮೇಲ್ಮಹಡಿಯಲ್ಲಿ ನೆಲದ ಮಟ್ಟಕ್ಕೇ ಬಾಗಿಲು ಇರುತ್ತದೆ. ಆಚೆ ಏನೂ ಇಲ್ಲ, ಬರೀ ಗಾಳಿ. ಅಲ್ಲಿ ಮಗುವಿನ ತಲೆ ತೂರದ ಕಟಕಟೆ ಬೇಕು: ಸರಳುಗಳ ನಡುವೆ 10 ಸೆಂಟಿಮೀಟರ್ ಮೀರದ ಸಂದು, ಹತ್ತಲು ಅಡ್ಡಪಟ್ಟಿ ಇಲ್ಲದ ವಿನ್ಯಾಸ.

ಬ್ಯಾಂಕ್ ಕಟ್ಟಡವಾದರೆ ಸ್ಟ್ರಾಂಗ್ ರೂಮ್ ಇರುತ್ತದೆ. ದಪ್ಪ ಕಾಂಕ್ರೀಟಿನ ಒಳಗೆ ಉಕ್ಕು ಹೆಣೆದಿರುತ್ತಾರೆ. ಒಡೆಯುವ ಖರ್ಚಿನಲ್ಲಿ ಇನ್ನೊಂದು ಕೋಣೆ ಕಟ್ಟಬಹುದು. ಅದನ್ನು ಉಗ್ರಾಣವೋ ಪುಸ್ತಕದ ಕೋಣೆಯೋ ಮಾಡಿಕೊಳ್ಳಿ. ಆದರೆ ಮೊದಲ ದಿನವೇ ಬೀಗದ ಕೆಲಸದವರನ್ನು ಕರೆಸಿ, ಬಾಗಿಲಿನ ಅಗುಳಿಗಳು ಹೊರಬರದಂತೆ ಒಳಗಿನಿಂದಲೇ ಕಟ್ಟಿಹಾಕಿಸಿ. ಕೀಲಿ ಬಚ್ಚಿಟ್ಟರೆ ಸಾಲದು. ಆ ಕೋಣೆಗೆ ಗಾಳಿಯ ದಾರಿಯೇ ಇರುವುದಿಲ್ಲ, ಕೂಗಿದರೆ ಆಚೆ ಕೇಳಿಸುವುದೂ ಇಲ್ಲ. ಅಗುಳಿ ಕಟ್ಟಿದ ಮೇಲೂ ಗಾಳಿಗೊಂದು ಕೊಳವೆ ಕೊರೆಸಿ.

ಬೆಂಕಿ

ದಪ್ಪ ಮರದ ತೊಲೆ ಜನ ಅಂದುಕೊಂಡಷ್ಟು ಬೇಗ ಬೀಳುವುದಿಲ್ಲ. ಬೆಂಕಿಯಲ್ಲಿ ಅದು ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್ ಕರಕಲಾಗುತ್ತದೆ. ಅರ್ಧ ಗಂಟೆಗೆ ಬೆಂಕಿ ತಾಗಿದ ಪ್ರತಿ ಬದಿಯಲ್ಲೂ 2 ಸೆಂಟಿಮೀಟರ್. ಒಂದು ಅಡಿ ದಪ್ಪದ ತೊಲೆ ತಡೆದುಕೊಳ್ಳುತ್ತದೆ. ಹೊದಿಕೆ ಇಲ್ಲದ ಕಬ್ಬಿಣ ಹಾಗಲ್ಲ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ. ಕಂಬಗಳಿಗೆ ಬೆಂಕಿಯಲ್ಲಿ ಉಬ್ಬಿ ಹೊದಿಕೆಯಾಗುವ ಬಣ್ಣ ಬಳಿಸಿ. ಮಲಗುವ ಕೋಣೆಯಿಂದ ಹೊರಗೋಡಲು ಅಡುಗೆಮನೆ ದಾಟಬೇಕಾದ ನಕ್ಷೆ ಬೇಡವೇ ಬೇಡ. ಹೊಗೆಯ ಅಲಾರಂಗಳು ಒಂದಕ್ಕೊಂದು ಜೋಡಿಸಿರಲಿ. ನೆಲಮಹಡಿಯಲ್ಲಿ ಕೂಗಿದ್ದು ನಾಲ್ಕನೇ ಮಹಡಿಯಲ್ಲಿ ಮಲಗಿದವರಿಗೆ ಕೇಳಬೇಕು.

ಏನು ಉಳಿಸಬೇಕು, ಏನು ತೆಗೆಯಬೇಕು

ವಾಸ್ತುಶಿಲ್ಪಿ ರಿಕಾರ್ಡೊ ಬೋಫಿಲ್ 1973ರಲ್ಲಿ ಬಾರ್ಸಿಲೋನಾ ಪಕ್ಕದ ಹಾಳು ಸಿಮೆಂಟ್ ಕಾರ್ಖಾನೆಯನ್ನು ತಮ್ಮ ಮನೆ, ಕಚೇರಿಯಾಗಿಸಲು ಹೊರಟಾಗ ಅಲ್ಲಿ 30ಕ್ಕೂ ಹೆಚ್ಚು ಸಿಲೋಗಳಿದ್ದವು, ಅಂದರೆ ಸರಕು ತುಂಬಿಡುವ ಎತ್ತರದ ಗೋಪುರಗಳು. ಉಳಿದದ್ದು ಎಂಟು. ಮೊದಲ ಕೆಲಸ ಕಟ್ಟುವುದಲ್ಲ, ತೆಗೆಯುವುದಾಗಿತ್ತು. ಎಲ್ಲವನ್ನೂ ಉಳಿಸುವ ಹಟ ಬೇಡ. ಹೊಸತಾಗಿ ಮಾಡಿಸಲು ಆಗದ್ದನ್ನು ಉಳಿಸಿ: ಬೀಡಿನ ಕಂಬ, ಸವೆದ ಕಲ್ಲಿನ ಹೊಸಿಲು, ಗೋಡೆಯ ಮೇಲೆ ಬರೆದ ಹಳೇ ಅಂಗಡಿ ಹೆಸರು. ನಂತರದವರು ಸೇರಿಸಿದ ಸುಳ್ಳು ಚಾವಣಿ, ಪ್ಲೈವುಡ್ ಗೋಡೆ ಹೋಗಲಿ, ಚಿಂತೆ ಇಲ್ಲ. ಆದರೆ ಕಿತ್ತುಹಾಕುವ ಮೊದಲು ಫೋಟೋ ತೆಗೆದಿಡಿ. ಮರಳು ಊದಿ ಇಟ್ಟಿಗೆ ತೊಳೆಸುವ ಆಸೆ ಮಾತ್ರ ಬಿಡಿ. ಸುಟ್ಟ ಗಟ್ಟಿ ಪದರ ಹೋದ ಇಟ್ಟಿಗೆ ಮಳೆಗೆ ಕರಗುತ್ತದೆ.

ಕೆಲಸದ ಸರದಿ, ದುಡ್ಡಿನ ಸರದಿ

ಸೂರು ಮತ್ತು ದೋಣಿ ಮೊದಲು. ಕಲ್ನಾರು, ವಿಷದ ಮಣ್ಣು ಇದ್ದರೆ ಅದು ಎರಡನೆಯದು. ಆಮೇಲೆ ತೊಲೆ, ಕಂಬ. ಆಮೇಲೆ ನೀರಿನ ಪೈಪು, ಪೂರ್ತಿ ಹೊಸ ವೈರಿಂಗ್. ಹಳೇ ವೈರು ಎಷ್ಟೇ ಚೆನ್ನಾಗಿ ಕಂಡರೂ ಒಂದು ತುಂಡೂ ಉಳಿಸಬೇಡಿ. ಕಿಟಕಿ ರಿಪೇರಿ, ಸುಣ್ಣದ ಗಾರೆ ಒಣ ಹವೆಯಲ್ಲಿ ಆಗಲಿ. ಹಸಿ ಗಾರೆಗೆ ಸುಡುಬಿಸಿಲೂ ಆಗದು, ಕೊರೆವ ಚಳಿಯೂ ಆಗದು. ಒದ್ದೆ ಗೋಣಿತಾಟು ಹೊದಿಸಿ. ಇಷ್ಟಾದ ಮೇಲೆ ಸಣ್ಣ ಮನೆಯನ್ನು ಪೂರ್ತಿ ಮುಗಿಸಿ, ಅಲ್ಲಿಗೆ ಬಂದು ಇರಿ. ಹೊರಗೆ ಬಾಡಿಗೆ ಕಟ್ಟುತ್ತಾ ನಾಲ್ಕೂ ಮಹಡಿ ಒಟ್ಟಿಗೆ ಮುಗಿಸುವ ಯೋಜನೆಗಳು ಅರ್ಧಕ್ಕೆ ನಿಲ್ಲುವುದೇ ಜಾಸ್ತಿ.

ಒಟ್ಟು ಅಂದಾಜಿನ ಐದನೇ ಒಂದು ಭಾಗವನ್ನು ಯಾವ ಬಾಬತ್ತಿಗೂ ಬರೆಯದೆ ಪಕ್ಕಕ್ಕಿಡಿ. ಗೋಡೆ ಬಿಚ್ಚಿದ ದಿನ ಅದಕ್ಕೆ ಬಾಬತ್ತು ತಾನಾಗಿ ಹುಟ್ಟುತ್ತದೆ. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಯ ಪೈಪು, ವೈರು ಎಲ್ಲಿ ಹೋಗಿದೆ ಎಂದು ಅಳತೆ ಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಅದರ ಒಂದು ಪ್ರತಿ ಮೀಟರ್ ಬೋರ್ಡಿನ ಪೆಟ್ಟಿಗೆಯೊಳಗೇ ಇಟ್ಟಿರಿ.